ಅಪ್ಪನ ಹೆಸರಿನ ಓಟ, ಮುಯ್ಯಿಯ ಲೆಕ್ಕ

ಲಂಡನ್ ಮ್ಯಾರಥಾನ್‌ನ ಓಟಗಾರರನ್ನು ಹಿಂದಿನಿಂದ ನೋಡಬೇಕು. ಎದೆಯ ಮೇಲಿರುವುದು ಓಟದ ನಂಬರು, ಯಾವುದೋ ಸೇವಾ ಸಂಸ್ಥೆಯ ಲಾಂಛನ. ಬೆನ್ನಿಗೆ ಬಂದರೆ ಎಷ್ಟೋ ಜನರ ಅಂಗಿಯ ಮೇಲೆ ಒಂದು ಹಳೆಯ ಫೋಟೊ, ಅದರಡಿ ಹುಟ್ಟಿದ ಮತ್ತು ತೀರಿಕೊಂಡ ಇಸವಿ, ‘ಅಪ್ಪನಿಗಾಗಿ’ ಅಥವಾ ‘ಅಮ್ಮನಿಗಾಗಿ’ ಎಂಬ ಒಂದೇ ಸಾಲು. ಬ್ರಿಟನ್ನಿನಲ್ಲಿ 1994ರಲ್ಲಿ ಶುರುವಾಗಿ ಈಗ ಕ್ಯಾನ್ಸರ್ ರಿಸರ್ಚ್ ಯುಕೆ ಸಂಸ್ಥೆ ನಡೆಸುತ್ತಿರುವ ‘ರೇಸ್ ಫಾರ್ ಲೈಫ್’ ಓಟದಲ್ಲಂತೂ ಬೆನ್ನಿಗೆ ಸಿಕ್ಕಿಸಿಕೊಳ್ಳಲೆಂದೇ ಒಂದು ಹಾಳೆ ಇರುತ್ತದೆ. ಯಾರಿಗಾಗಿ ಓಡುತ್ತೀರೋ ಅವರ ಹೆಸರನ್ನು ಕೈಯಾರೆ ಬರೆದುಕೊಳ್ಳಬೇಕು. ಹೀಗೆ ಓಡಿ, ಬಲ್ಲವರಿಂದ ಸೇವಾ ಸಂಸ್ಥೆಗೆ ದೇಣಿಗೆ ಎತ್ತುವ ಪದ್ಧತಿ ಮುಂಬೈಗೆ ಬಂದು ಎರಡು ದಶಕ ದಾಟಿತು, ಬೆಂಗಳೂರಿನ ಹತ್ತು ಕಿಲೊಮೀಟರ್ ಓಟಕ್ಕೂ ಬಂದಿದೆ. ಅದರ ಹಿಂದೆಯೇ ಓದುಗರ ಪ್ರಶ್ನೆಯೂ ಬರುತ್ತಿದೆ. ಕೊಡುವ ಮನಸ್ಸಿದ್ದರೆ ಆಸ್ಪತ್ರೆಗೆ ಚೆಕ್ ಬರೆದು ಕಳಿಸಬಹುದಲ್ಲ, ಓಡುವುದೇಕೆ? ಓಡುವ ಹುಕಿ ಇದ್ದರೆ ಓಡಲಿ, ತೀರಿಹೋದ ತಂದೆಯ ಹೆಸರು ಹೇಳಿ ಊರವರ ಹತ್ತಿರ ಚಂದಾ ಎತ್ತುವುದೇಕೆ? ಪ್ರಶ್ನೆಯ ಒಳಗೆ ಸಣ್ಣ ಮುಜುಗರವೂ ಇದೆ, ಸಣ್ಣ ಅನುಮಾನವೂ ಇದೆ. ಎರಡಕ್ಕೂ ಕಾರಣವಿಲ್ಲದಿಲ್ಲ.

ಮೊದಲು ಈ ವ್ಯವಸ್ಥೆ ನಡೆಯುವ ಬಗೆ ನೋಡೋಣ. ಒಲಿಂಪಿಕ್ ಚಿನ್ನ ಗೆದ್ದಿದ್ದ ಕ್ರಿಸ್ ಬ್ರಾಷರ್ 1979ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬಂದ ಮೇಲೆ, ತಮ್ಮೂರಲ್ಲೂ ಅಂಥದ್ದೊಂದು ಯಾಕಾಗಬಾರದು ಎಂದು ಗೆಳೆಯ ಜಾನ್ ಡಿಸ್ಲಿ ಜೊತೆ ಸೇರಿ ಶುರು ಮಾಡಿದ್ದು ಲಂಡನ್ ಮ್ಯಾರಥಾನ್. 1981ರ ಮೊದಲ ಓಟವನ್ನು ಮುಗಿಸಿದವರು ಆರು ಸಾವಿರ ಚಿಲ್ಲರೆ. 2025ರಲ್ಲಿ 56 ಸಾವಿರಕ್ಕೂ ಹೆಚ್ಚು. ಆ ವರ್ಷದ ಓಟದ ಲಾಟರಿಯಲ್ಲಿ ಜಾಗಕ್ಕಾಗಿ ಅರ್ಜಿ ಹಾಕಿದವರು 8.4 ಲಕ್ಷ ಮಂದಿ. ಲಾಟರಿ ಹೊಡೆಯದವರಿಗೆ ಇನ್ನೊಂದು ಬಾಗಿಲಿದೆ: ಸೇವಾ ಸಂಸ್ಥೆಗಳು ಮುಂಗಡವಾಗಿ ಹಣ ಕಟ್ಟಿ ಜಾಗ ಕಾದಿರಿಸಿಕೊಂಡಿರುತ್ತವೆ, ಸಾಮಾನ್ಯವಾಗಿ 2,000 ಪೌಂಡ್ ಆಸುಪಾಸು ಹಣ ಸಂಗ್ರಹಿಸಿ ಕೊಡುತ್ತೇನೆಂದು ಒಪ್ಪಿದವರಿಗೆ ಅದನ್ನು ಕೊಡುತ್ತವೆ. ಹೀಗೆ 2025ರ ಒಂದೇ ಓಟದಿಂದ ಕೂಡಿದ್ದು 8.73 ಕೋಟಿ ಪೌಂಡ್, ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಯ ಹತ್ತಿರ. ಒಂದೇ ದಿನದಲ್ಲಿ ಇಷ್ಟು ಹಣ ಎತ್ತುವ ವಾರ್ಷಿಕ ಕಾರ್ಯಕ್ರಮ ಜಗತ್ತಿನಲ್ಲಿ ಇನ್ನೊಂದಿಲ್ಲ. ನಮ್ಮಲ್ಲಿ 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನ್ ಇದೇ ದಾರಿ ಹಿಡಿಯಿತು. ಅಲ್ಲಿ ಈವರೆಗೆ ಕೂಡಿದ ದೇಣಿಗೆ 400 ಕೋಟಿ ರೂಪಾಯಿ ಮೀರಿದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ‘ವರ್ಲ್ಡ್ 10ಕೆ’ ಕೂಡ ಸೇವಾ ಸಂಸ್ಥೆಗಳನ್ನು ಜೊತೆಗೆ ಕಟ್ಟಿಕೊಂಡೇ ಬೆಳೆದದ್ದು.

ತೀರಿಕೊಂಡ ತಂದೆತಾಯಿಯ ಹೆಸರಲ್ಲಿ ಕೊಡುವುದನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಛತ್ರದ ಒಂದು ಕೋಣೆ, ಬಸ್ ತಂಗುದಾಣ, ಶಾಲೆಯ ನೀರಿನ ತೊಟ್ಟಿ, ದೇವಸ್ಥಾನದಲ್ಲಿ ತಿಥಿಯ ದಿನದ ಅನ್ನದಾನ, ಸಾಹಿತ್ಯ ಪರಿಷತ್ತಿನಲ್ಲಿ ದತ್ತಿನಿಧಿ, ಊರಿನ ಹೈಸ್ಕೂಲಿನಲ್ಲಿ ಕನ್ನಡಕ್ಕೆ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ, ಎಲ್ಲದರ ಮೇಲೂ ‘ಜ್ಞಾಪಕಾರ್ಥ’ ಎಂಬ ಅಕ್ಷರ ಇದ್ದೇ ಇರುತ್ತದೆ. ಆದರೆ ಇದೆಲ್ಲ ಮಕ್ಕಳು ತಮ್ಮ ಜೇಬಿನಿಂದ ಕೊಡುವುದು. ಅಪ್ಪನ ಶ್ರಾದ್ಧಕ್ಕೆ ಪಕ್ಕದ ಮನೆಯವರ ಹತ್ತಿರ ಹಣ ಕೇಳುವವರುಂಟೇ? ಮ್ಯಾರಥಾನ್ ಪದ್ಧತಿ ನಮಗೆ ಕಸಿವಿಸಿ ಮಾಡುವುದು ಈ ಒಂದು ಜಾಗದಲ್ಲಿ. ಓಡುವುದನ್ನು ಯಾರೂ ಆಕ್ಷೇಪಿಸುವುದಿಲ್ಲ. ಧರ್ಮಸ್ಥಳಕ್ಕೋ ಶ್ರೀಶೈಲಕ್ಕೋ ನಡೆದುಕೊಂಡು ಹೋಗುವವರನ್ನು ಕಂಡ ನಾಡಿಗೆ 42.195 ಕಿಲೊಮೀಟರ್ ಅಂಥ ವಿಚಿತ್ರವೇನಲ್ಲ. ಕೇಳುವುದೇ ಕಷ್ಟ. ಅದಕ್ಕೇ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಇಂಥ ಮನವಿಗಳಲ್ಲಿ ಮೊದಲ ಮೂರು ಸಾಲು ಕ್ಷಮೆ ಕೇಳುವುದರಲ್ಲೇ ಮುಗಿದುಹೋಗುತ್ತದೆ.

ನನ್ನ ವಾದ ಇಷ್ಟು: ನಾವು ಇದನ್ನು ದಾನದ ಪಟ್ಟಿಗೆ ಸೇರಿಸಿ ನೋಡುತ್ತಿರುವುದೇ ತಪ್ಪು. ಇದು ಮುಯ್ಯಿಯ ಪಟ್ಟಿಗೆ ಸೇರಬೇಕಾದದ್ದು. ಮದುವೆ ಮಂಟಪದ ಮಗ್ಗುಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಇಂಥ ಊರಿನ ಇಂಥವರು, 101 ಅಥವಾ 501 ಎಂದು ಸಾಲಾಗಿ ಬರೆದುಕೊಳ್ಳುತ್ತಾರೆ. ಕೊಡುವವರು ವಧೂವರರ ಅಗತ್ಯ ಎಷ್ಟು ಎಂದು ಅಳೆದು ಕೊಡುವುದಿಲ್ಲ. ಆ ಮನೆಯ ಜೊತೆಗಿನ ಬಳಕೆ, ಹಿಂದೆ ಅವರು ನಮ್ಮ ಮನೆಗೆ ಬರೆಸಿದ್ದು, ಮೇಲಿನ ಸಾಲಿನಲ್ಲಿ ದಾಯಾದಿ ಬರೆಸಿದ್ದು, ಇವೇ ಮೊತ್ತವನ್ನು ತೀರ್ಮಾನಿಸುತ್ತವೆ. ದೇಣಿಗೆ ಕೇಳಲು ಓಟಗಾರ ಅಂತರ್ಜಾಲದಲ್ಲಿ ತೆರೆಯುವ ಪುಟದಲ್ಲೂ ಆಗುವುದು ಇದೇ ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಾರಾ ಸ್ಮಿತ್ ಮತ್ತು ಸಂಗಡಿಗರು ಲಂಡನ್ ಮ್ಯಾರಥಾನ್ ಓಟಗಾರರ ಸಾವಿರಾರು ಪುಟಗಳನ್ನು ಜಾಲಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನವರು ಕೊಟ್ಟ ಸರಾಸರಿ 10 ಪೌಂಡ್ ಹೆಚ್ಚಿದರೆ ಮುಂದೆ ಬರುವವರು ಸುಮಾರು 2.50 ಪೌಂಡ್ ಹೆಚ್ಚು ಕೊಡುತ್ತಾರೆ. ಅಂದರೆ ನೋಟ್‌ಬುಕ್ಕಿನ ಮೇಲಿನ ಸಾಲಿಗೆ ಕಣ್ಣು ಹಾಯಿಸದೆ ಯಾರೂ ಬರೆಸುವುದಿಲ್ಲ. ನಮ್ಮ ಮುಯ್ಯಿ ಪುಸ್ತಕ ಹಿಡಿದವರನ್ನು ಕೇಳಿದ್ದರೆ ಇಷ್ಟು ಗಣಿತ ಬೇಕಾಗುತ್ತಿರಲಿಲ್ಲವೇನೋ.

ಕೊಡುವ ಕೈ ಸಂಸ್ಥೆಯನ್ನು ನೋಡುವುದಿಲ್ಲ, ಓಡುವವರನ್ನು ನೋಡುತ್ತದೆ ಎಂಬುದಕ್ಕೆ 2012ರ ಲಂಡನ್ ಓಟದಷ್ಟು ಕಟುವಾದ ಸಾಕ್ಷ್ಯ ಇನ್ನೊಂದು ಸಿಗದು. ಆತ್ಮಹತ್ಯೆಯ ಅಂಚಿನಲ್ಲಿರುವವರ ಫೋನ್ ಕರೆ ಸ್ವೀಕರಿಸುವ ‘ಸಮಾರಿಟನ್ಸ್’ ಸಂಸ್ಥೆಗಾಗಿ ಓಡುತ್ತಿದ್ದ 30 ವರ್ಷದ ಯುವತಿಯೊಬ್ಬರು ಗುರಿ ಇನ್ನೊಂದು ಮೈಲಿಯೂ ಇಲ್ಲದಿರುವಾಗ ಕುಸಿದು ತೀರಿಕೊಂಡರು. ಓಟಕ್ಕೆ ಮುಂಚೆ ಆಕೆಯ ಪುಟದಲ್ಲಿ ಇದ್ದದ್ದು ಸುಮಾರು 500 ಪೌಂಡ್. ಸುದ್ದಿ ಹರಡಿದ ಮೇಲೆ ಅದು 10 ಲಕ್ಷ ಪೌಂಡ್ ದಾಟಿತು. ಆ ಕೆಲವೇ ದಿನಗಳಲ್ಲಿ ಸಂಸ್ಥೆಯ ಅಗತ್ಯ ಎರಡು ಸಾವಿರ ಪಟ್ಟು ಹೆಚ್ಚಿತ್ತೇ? ಇಲ್ಲ. ಗುರುತು ಪರಿಚಯವಿಲ್ಲದ ಜನ ಆ ಹೆಣ್ಣುಮಗಳ ಮುಖ ನೋಡಿ ಕೊಟ್ಟರು. ಮನೋವಿಜ್ಞಾನಿಗಳಾದ ಕ್ರಿಸ್ಟೊಫರ್ ಒಲಿವೊಲಾ ಮತ್ತು ಎಲ್ಡಾರ್ ಶಫೀರ್ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಈ ಕಡೆಗೇ ಬೆರಳು ತೋರುತ್ತವೆ. ಒಂದೇ ಉದ್ದೇಶಕ್ಕೆ ವನಭೋಜನ ಏರ್ಪಡಿಸಿದಾಗ ಕೊಡಲು ಒಪ್ಪುವುದಕ್ಕಿಂತ, ಮೈ ನೋಯುವ ಓಟ ಏರ್ಪಡಿಸಿದಾಗ ಜನ ಹೆಚ್ಚು ಕೊಡಲು ಮುಂದಾಗುತ್ತಾರೆ. ಅವರ ಇನ್ನೊಂದು ಅಂಶ ಹೆಚ್ಚು ಕುತೂಹಲದ್ದು: ಹಸಿವು, ಕಾಯಿಲೆಯಂಥ ಮನುಷ್ಯರ ಸಂಕಟಕ್ಕೆ ಸಂಬಂಧಿಸಿದ ಉದ್ದೇಶಗಳಲ್ಲಿ ಈ ಪರಿಣಾಮ ಬಲವಾಗಿರುತ್ತದೆ, ಉದ್ಯಾನ ಕಟ್ಟಿಸುವಂಥ ಸಂತೋಷದ ಕೆಲಸಗಳಲ್ಲಿ ಕುಗ್ಗುತ್ತದೆ. ಸಾವಿನ ಮನೆಯ ಮಗ ಓಡಿದಾಗ ಜನ ಕೊಡುವುದು ಏಕೆಂದು ಇದರಿಂದ ತಿಳಿಯುತ್ತದೆ. ಚೆಕ್ ಬರೆದು ಸುಮ್ಮನಾಗುವ ಮಗನಿಂದ ಸಂಸ್ಥೆಗೆ ಒಂದು ಚೆಕ್ ಮಾತ್ರ ಸಿಗುತ್ತದೆ. ಓಡುವ ಮಗನಿಂದ ಐವತ್ತು ಮನೆಗಳ ಮುಯ್ಯಿ.

ದುಃಖದ ಮಾತನ್ನೂ ಇಲ್ಲೇ ಆಡಿ ಮುಗಿಸಬಹುದು. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂಬ ಅಭಿಪ್ರಾಯ ಪಶ್ಚಿಮದಲ್ಲಿ ಫ್ರಾಯ್ಡ್ 1917ರಲ್ಲಿ ಬರೆದ ಪ್ರಬಂಧದಿಂದ ಬಹುಕಾಲ ನಡೆದುಬಂತು. 1996ರಲ್ಲಿ ಡೆನ್ನಿಸ್ ಕ್ಲಾಸ್ ಮತ್ತು ಸಂಗಡಿಗರ ಪುಸ್ತಕ ಅದನ್ನು ಪ್ರಶ್ನಿಸಿತು: ಉಳಿದವರು ಹೋದವರೊಂದಿಗೆ ಸಂಬಂಧ ಮುಂದುವರಿಸುತ್ತಾರೆ, ಅದು ರೋಗವಲ್ಲ. ವರ್ಷಕ್ಕೊಮ್ಮೆ ಎಲೆ ಹಾಕಿ ಪಿತೃಗಳನ್ನು ಊಟಕ್ಕೆ ಕರೆಯುವ ಮನೆಗಳಿಗೆ ಇದು ಸುದ್ದಿಯೇನಲ್ಲ. ಓಟದ ತಯಾರಿ ಕೊಡುವ ಪ್ರಯೋಜನ ಬೇರೆ ತರಹದ್ದು. ನಾಲ್ಕೈದು ತಿಂಗಳು ವಾರಕ್ಕೆ ಮೂರ್ನಾಲ್ಕು ದಿನ ಬೆಳಿಗ್ಗೆ ಎದ್ದು ಓಡಬೇಕು, ಭಾನುವಾರದ ದೂರದ ಓಟವನ್ನು ಮೆಲ್ಲಗೆ 30 ಕಿಲೊಮೀಟರಿಗೆ ಏರಿಸಬೇಕು. ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೊರಟ ಮೇಲೆ ಮನೆ ಖಾಲಿಯಾಗುವ ಆ ತಿಂಗಳುಗಳಲ್ಲಿ ಕೈಕಾಲಿಗೊಂದು ಕೆಲಸ ಇರುವುದು ಸಣ್ಣ ವಿಷಯವಲ್ಲ. ಆದರೆ ಇದನ್ನೇ ದೊಡ್ಡದು ಮಾಡಿ, ಓಟವೇ ಚಿಕಿತ್ಸೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ತಮ್ಮ ಚಿಕಿತ್ಸೆಗೆ ಬೇರೆಯವರ ಹತ್ತಿರ ಹಣ ಕೇಳಬೇಕಾಗಿಲ್ಲ.

ಮುಯ್ಯಿ ಎಂದು ಒಪ್ಪಿಕೊಂಡರೆ ಒಂದು ಹೊಣೆ ಹೆಗಲೇರುತ್ತದೆ. ಕೊಡುವವರು ನಿಮ್ಮ ಮುಖ ನೋಡಿ ಕೊಡುತ್ತಾರೆ, ಸಂಸ್ಥೆಯ ಲೆಕ್ಕಪತ್ರ ತೆರೆದು ನೋಡುವುದಿಲ್ಲ. ನೋಡುವ ಕೆಲಸ ಪೂರ್ತಿ ಓಡುವವರದ್ದು. ಈ ಜಾಗದಲ್ಲಿ ಬಹಳ ಜನ ಎಡವುತ್ತಾರೆ. ದುಃಖದ ಭರದಲ್ಲಿ, ಅಪ್ಪನನ್ನು ಕೊಂಡೊಯ್ದ ಕಾಯಿಲೆಯ ಹೆಸರಿನ ಅತಿ ದೊಡ್ಡ ಸಂಸ್ಥೆಯನ್ನು ಕಣ್ಣುಮುಚ್ಚಿ ಆರಿಸಿಬಿಡುತ್ತಾರೆ. ಓಟದ ಆಯೋಜಕರ ಪಟ್ಟಿಗಳೂ ಹೆಚ್ಚಾಗಿ ಕಾಯಿಲೆಗಳ ಪ್ರಕಾರವೇ ಇರುತ್ತವೆ: ಕ್ಯಾನ್ಸರ್, ಹೃದಯ, ಮರೆವಿನ ರೋಗ, ಮೂತ್ರಪಿಂಡ. ಇದರಲ್ಲಿ ನನಗೊಂದು ತಕರಾರಿದೆ. ಎಪ್ಪತ್ತು ವರ್ಷ ಬಾಳಿ, ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರೊಬ್ಬರು ಮಗನ ಬೆನ್ನಿನ ಮೇಲೆ ಕೊನೆಯ ಎಂಟು ತಿಂಗಳ ರೋಗಿಯಾಗಿ ಮಾತ್ರ ಉಳಿಯುತ್ತಾರೆ. ಕನ್ನಡಕ್ಕೆ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಇಟ್ಟವರು ತಂದೆಯ ಸಾವನ್ನು ಬಿಟ್ಟು ಬಾಳನ್ನು ಹಿಡಿದರು. ಮೇಷ್ಟ್ರ ಮಗಳು ಹಳ್ಳಿ ಶಾಲೆಯ ಗ್ರಂಥಾಲಯಕ್ಕಾಗಿ, ರೈತನ ಮಗ ಕೆರೆಯ ಹೂಳೆತ್ತುವ ಕೆಲಸಕ್ಕಾಗಿ ಯಾಕೆ ಓಡಬಾರದು? ಇಂಥ ಉದ್ದೇಶಗಳಿಗೆ ಜನ ಕಡಿಮೆ ಕೊಡಬಹುದು ಎಂದು ಮೇಲಿನ ಪ್ರಯೋಗವೇ ಹೇಳುತ್ತದಲ್ಲ ಎಂದು ಕೇಳಬಹುದು. ಕಡಿಮೆ ಕೊಡಲಿ. ಮಗ ಓಡುವುದು ದಾಖಲೆ ಮಾಡಲಿಕ್ಕೆ ಅಲ್ಲವಷ್ಟೆ.

ಕಾಯಿಲೆಯನ್ನೇ ಹಿಡಿಯುವುದಾದರೂ ಅದರೊಳಗೆ ಆಯ್ಕೆ ಇದೆ. ಆಸ್ಪತ್ರೆಯ ಕೊನೆಯ ದಿನಗಳನ್ನು ಕಂಡ ಮಕ್ಕಳಿಗೆ ಗೊತ್ತು, ಕೊರತೆ ಇರುವುದು ಯಂತ್ರಗಳಲ್ಲಷ್ಟೇ ಅಲ್ಲ. ನೋವು ತಗ್ಗಿಸುವ ಆರೈಕೆಯಲ್ಲೂ ಇದೆ, ರೋಗಿಯ ಜೊತೆ ಬಂದವರು ರಾತ್ರಿ ಮಲಗುವ ಜಾಗದಲ್ಲೂ ಇದೆ. ಉಪಶಾಮಕ ಆರೈಕೆ ಬೇಕಾದವರಲ್ಲಿ ಜಗತ್ತಿನಾದ್ಯಂತ ಸುಮಾರು ಶೇ 14ರಷ್ಟು ಮಂದಿಗೆ ಮಾತ್ರ ಅದು ಸಿಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ‘ಕರುಣಾಶ್ರಯ’ದಂಥ ಕಡೆ, ಚಿಕಿತ್ಸೆಯ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಕೊನೆಯವರೆಗೆ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಹೊಸ ಔಷಧಿ ಕಂಡುಹಿಡಿಯುವ ಸಂಶೋಧನೆಗೆ ಕೊಡಬಾರದೆಂದಲ್ಲ. ಆದರೆ ದೊಡ್ಡ ಸಂಶೋಧನಾ ಸಂಸ್ಥೆಯ ಕಡಲಿನಲ್ಲಿ ಕಾಣದೇ ಹೋಗುವ ಎರಡು ಲಕ್ಷ ರೂಪಾಯಿ, ಇಂಥ ಕಡೆ ಯಾವ ಕೆಲಸಕ್ಕೆ ಹೋಯಿತೆಂದು ಕೇಳಿ ತಿಳಿಯಬಹುದು, ಕೊಟ್ಟವರಿಗೂ ತಿಳಿಸಬಹುದು.

ಹಣ ದಾಟುವ ದಾರಿಯ ಬಗ್ಗೆಯೂ ಒಂದೆರಡು ಮಾತು ಬೇಕು, ಏಕೆಂದರೆ ಗೊಂದಲ ಹೆಚ್ಚು ಇರುವುದು ಇಲ್ಲೇ. ದೇಣಿಗೆಯನ್ನು ಓಡುವವರು ತಮ್ಮ ಖಾತೆಗೆ, ತಮ್ಮ ಫೋನ್ ನಂಬರಿಗೆ ಹಾಕಿಸಿಕೊಳ್ಳಲೇಬಾರದು. ನೇರ ಸಂಸ್ಥೆಗೇ ಹೋಗಬೇಕು. ಹಾಗಾದರೆ ಮಾತ್ರ ಕೊಟ್ಟವರ ಹೆಸರಿಗೆ ರಸೀದಿ ಬರುತ್ತದೆ. 80ಜಿ ಎಂದು ಎಲ್ಲರ ಬಾಯಲ್ಲಿರುವ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, ಅದೂ 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಇಲ್ಲ. ಲಂಡನ್ನಿನಲ್ಲೋ ಷಿಕಾಗೊದಲ್ಲೋ ಓಡಿ ಊರಿನ ಸಂಸ್ಥೆಗೆ ಕೊಡಬೇಕೆನ್ನುವ ಕನ್ನಡಿಗರಿಗೆ ಇನ್ನೊಂದು ಬೇಲಿ ಇದೆ. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ವಿದೇಶಿ ಪೌರತ್ವ ಪಡೆದವರು ಕೊಟ್ಟದ್ದು, ವಿದೇಶಿ ಸಹೋದ್ಯೋಗಿಗಳು ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಬೇಕು. 2020ರ ತಿದ್ದುಪಡಿಯ ನಂತರ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಊರಿನ ಸಣ್ಣ ಟ್ರಸ್ಟುಗಳಲ್ಲಿ ಹೆಚ್ಚಿನವಕ್ಕೆ ಈ ನೋಂದಣಿ ಇರುವುದಿಲ್ಲ. ಓಡಿ ಮುಗಿಸಿದ ಮೇಲೆ ಇದು ಗೊತ್ತಾದರೆ ಎಲ್ಲರಿಗೂ ಫಜೀತಿ.

ಇಷ್ಟಾದ ಮೇಲೂ ಕೆಲವರು, ಇದೆಲ್ಲ ತೋರಿಕೆ, ಕೊಡುವವರು ಗುಟ್ಟಾಗಿ ಕೊಡಬೇಕು ಎನ್ನುತ್ತಾರೆ. ಗುಪ್ತದಾನದ ಬಗ್ಗೆ ಗೌರವ ಇರಲಿ. ಆದರೆ ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು ತಿರುಗುವ ನಾಡಿನಲ್ಲಿ ಆ ಮಾತನ್ನು ಓಟಗಾರರಿಗೆ ಮಾತ್ರ ಹೇಳುವುದು ಅನ್ಯಾಯ. ಹೆಚ್ಚು ತೂಕದ ಆಕ್ಷೇಪ ಬೇರೆಯಿದೆ: ಮೈಗೆ ಅಪಾಯ ತಂದುಕೊಂಡು ಸಮಾಜಕ್ಕೇ ಖರ್ಚು ಹೊರಿಸುವುದು ಯಾವ ಸೇವೆ? ಸ್ಕಾಟ್ಲೆಂಡಿನ ಟೇಸೈಡ್ ಪ್ರಾಂತ್ಯದ ವೈದ್ಯರು ಸೇವಾರ್ಥ ಪ್ಯಾರಾಚೂಟ್ ಹಾರಾಟದ ಐದು ವರ್ಷಗಳ ಲೆಕ್ಕ ತೆಗೆದು 1999ರಲ್ಲಿ ಪ್ರಕಟಿಸಿದರು. ಹಾರಿದವರು ಎತ್ತಿದ ಪ್ರತಿ ಒಂದು ಪೌಂಡ್ ದೇಣಿಗೆಗೆ, ಮುರಿದ ಕಾಲು ಸೊಂಟ ಜೋಡಿಸಲು ಸರ್ಕಾರಿ ಆರೋಗ್ಯ ಸೇವೆ 13.75 ಪೌಂಡ್ ವೆಚ್ಚ ಮಾಡಿತ್ತು. ಸೇವೆಯ ಹೆಸರಲ್ಲಿ ನಡೆದದ್ದೆಲ್ಲ ಲಾಭದ್ದೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಓಟದ ಲೆಕ್ಕ ಅಷ್ಟು ಕೆಟ್ಟದಾಗಿಲ್ಲ. ಅಮೆರಿಕದಲ್ಲಿ 2000ರಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ 1.09 ಕೋಟಿ ಜನರಲ್ಲಿ ಹೃದಯ ಸ್ತಂಭನವಾದದ್ದು 59 ಮಂದಿಗೆ, ತೀರಿಕೊಂಡವರು 42. ಆದರೆ ಪೂರ್ಣ ಮ್ಯಾರಥಾನ್‌ನಲ್ಲಿ ಅಪಾಯ ಅರ್ಧ ಮ್ಯಾರಥಾನ್‌ಗಿಂತ ಹೆಚ್ಚು. ತಂದೆ ಹೃದ್ರೋಗದಿಂದಲೇ ಹೋಗಿದ್ದರೆ, ಮಗ ಷೂ ಕೊಳ್ಳುವ ಮೊದಲು ವೈದ್ಯರ ಹತ್ತಿರ ಹೋಗುವುದು ಮೇಲು. ಆ ಕಾಯಿಲೆಯಲ್ಲಿ ವಂಶದ ಪಾಲಿದೆ. ಜೊತೆಗೆ, ಹತ್ತು ಕಿಲೊಮೀಟರ್ ಓಡಿದರೆ ಮುಯ್ಯಿ ಕಡಿಮೆ ಬೀಳುತ್ತದೆಂದು ಯಾರೂ ಹೆದರಬೇಕಿಲ್ಲ. ಮುಂಬೈಯಲ್ಲಿ ದೇಣಿಗೆ ಎತ್ತುವವರಲ್ಲಿ ಎಷ್ಟೋ ಮಂದಿ ಸೇರುವುದು 5.9 ಕಿಲೊಮೀಟರಿನ ‘ಡ್ರೀಮ್ ರನ್’ಗೆ. ಅಲ್ಲಿ ಗಡಿಯಾರ ನೋಡುವವರೇ ಕಡಿಮೆ.

ಕೊನೆಯ ಪ್ರಶ್ನೆ ಓಟಗಾರರೇ ಕೇಳುವಂಥದ್ದು: ಒಮ್ಮೆ ಓಡಿದ ಮೇಲೆ ಪ್ರತಿ ವರ್ಷವೂ ಓಡಬೇಕೇ? ತಿಥಿ ವರ್ಷ ವರ್ಷ ಬರುತ್ತದೆ, ಆದರೆ ಒಂದೇ ಮನೆಯಲ್ಲಿ ವರ್ಷಕ್ಕೊಂದು ಮದುವೆ ನಡೆದರೆ ಮುಯ್ಯಿ ಬರೆಸುವವರೂ ಮೆಲ್ಲಗೆ ಜಾರಿಕೊಳ್ಳುತ್ತಾರೆ. ಎರಡನೇ ವರ್ಷ ಅದೇ ಐವತ್ತು ಮಂದಿಗೆ ಅದೇ ಫೋಟೊ ಕಳಿಸಿದರೆ ಅವರಿಗೆ ಇಲ್ಲ ಎನ್ನುವುದೂ ಕಷ್ಟ, ಕೊಡುವುದೂ ಬೇಸರ. ಆದ್ದರಿಂದ ಕೇಳುವುದನ್ನು ಒಂದೇ ಸಲಕ್ಕೆ ನಿಲ್ಲಿಸಿ, ಮುಂದಿನ ವರ್ಷಗಳಲ್ಲಿ ಓಡುವ ಮನಸ್ಸಾದರೆ ಪ್ರವೇಶ ಶುಲ್ಕವನ್ನೂ ದೇಣಿಗೆಯನ್ನೂ ಸ್ವಂತ ಜೇಬಿನಿಂದ ಕಟ್ಟುವುದೇ ಸರಿ ಎಂದು ನನಗನಿಸುತ್ತದೆ. ಓಟ ಮುಗಿದ ತಿಂಗಳೊಳಗೆ, ಎಷ್ಟು ಕೂಡಿತು, ಎಲ್ಲಿಗೆ ಹೋಯಿತು ಎಂದು ಕೊಟ್ಟವರೆಲ್ಲರಿಗೂ ನಾಲ್ಕು ಸಾಲು ಬರೆಯಬೇಕು. ಪದಕ ಕಚ್ಚಿಕೊಂಡ ಫೋಟೊ ಕಳಿಸಿ ಸುಮ್ಮನಾಗುವವರೇ ಹೆಚ್ಚು. ಮತ್ತೆ, ಆ ಐವತ್ತು ಜನರ ಹೆಸರು, ಅದರೆದುರು ಮೊತ್ತ ಇರುವ ಪಟ್ಟಿಯನ್ನು ಅಳಿಸಬಾರದು. ನಾಳೆ ಅವರಲ್ಲೊಬ್ಬರು ತಮ್ಮ ತಾಯಿಯ ಹೆಸರಲ್ಲಿ ಓಡುತ್ತೇನೆಂದು ಮೆಸೇಜ್ ಕಳಿಸಿದಾಗ, ಅವರು ನಿಮಗೆಷ್ಟು ಬರೆಸಿದ್ದರೆಂದು ನೋಡಿ ಅದಕ್ಕಿಂತ ಒಂದು ರೂಪಾಯಿಯಾದರೂ ಹೆಚ್ಚು ಬರೆಸಬೇಕು.